ಗಾಜಿನ ಹಂಚು

ನನ್ನ ಗಂಡನಿಗೆ ಬಿಸಿಲಿನ ಮೇಲೂ ನಂಬಿಕೆ ಇರಲಿಲ್ಲ. ವರ್ಷವಿಡೀ ನೆತ್ತಿ ಸುಡುವ ಬಿಸಿಲಿನ ಊರು ನಮ್ಮದು. ಆದರೂ ಅವರು ಬೆಳಿಗ್ಗೆ ಎದ್ದು ಬಾಗಿಲು ತೆರೆದು, ಆಕಾಶವನ್ನು ದುರುಗುಟ್ಟಿ ನೋಡಿ, "ಇವತ್ತೇನೋ ಮಸಲತ್ತು ಇದೆ ಕಣೇ" ಎನ್ನುತ್ತಿದ್ದರು. ಹಾಲಿನವಳು ನೀರು ಬೆರೆಸಿದ್ದಾಳೆ, ಗಡಿಯಾರ ರಿಪೇರಿಯವನು ಒಳಗಿನ ಚಕ್ರ ಬದಲಾಯಿಸಿದ್ದಾನೆ, ಪಕ್ಕದ ಮನೆಯವರು ನಗುತ್ತಿದ್ದಾರೆಂದರೆ ಅದು ನಮ್ಮ ವಿಷಯವೇ. ಮದುವೆಯಾದ ಹೊಸದರಲ್ಲಿ ನಾನು ಕೊಟ್ಟ ಟೀಯನ್ನು ಮೂಸಿ ನೋಡಿ ಕುಡಿಯುತ್ತಿದ್ದರು. "ವಿಷ ಹಾಕೋದಾದ್ರೆ ಸಕ್ಕರೆ ಯಾಕ್ರೀ ದಂಡ ಮಾಡ್ಲಿ?" ಎಂದು ಒಂದು ದಿನ ಕೇಳಿದೆ. ಆಮೇಲೆ ಮೂಸುವುದನ್ನು ಬಿಟ್ಟರು. ಬಿಟ್ಟರು ಎಂದರೆ ನನ್ನೆದುರು ಬಿಟ್ಟರು.

ಇಂಥ ಮನುಷ್ಯ ಹಿಡಿದದ್ದು ಚಾಕು ಮಾಡುವ ಕೆಲಸ. ಬೀದಿಯವರು 'ಚಾಕಪ್ಪ' ಎಂದು ಕರೆಯುತ್ತಿದ್ದರು, ಎದುರಿಗಲ್ಲ. ಬೀದಿಗೆ ಮುಖ ಮಾಡಿದ ಒಂದು ಕೋಣೆ, ಅದರ ಹಿಂದೆ ನಮ್ಮ ಮನೆ. ಕೋಣೆಗೆ ಬಾಗಿಲೊಂದೇ, ಕಿಟಕಿ ಇಲ್ಲ, ಬಾಗಿಲಿಗೆ ಗೋಣಿಯ ಪರದೆ. ಒಳಗೆ ಹೋದರೆ ಮೊದಲು ಕಾಣುತ್ತಿದ್ದದ್ದು ಕುಲುಮೆಯ ಕೆಂಡ ಮಾತ್ರ. ಸ್ವಲ್ಪ ಹೊತ್ತು ನಿಂತರೆ ಕಬ್ಬಿಣ ಬಡಿಯುವ ಅಡಿಗಲ್ಲು ಕಾಣುತ್ತಿತ್ತು, ಗಾಳಿಯೂದುವ ತಿದಿ ಕಾಣುತ್ತಿತ್ತು, ಆಮೇಲೆ ನಮ್ಮವರ ಮೂಗು. ಕಿವಿಯ ಸಂದಿಯಲ್ಲಿ ಯಾವಾಗಲೂ ಅರ್ಧ ಸೇದಿ ಆರಿಸಿದ ಸಿಗರೇಟು ಒಂದು ಇರುತ್ತಿತ್ತು. ಪೂರ್ತಿ ಸೇದಿದರೆ ಯಾರಿಗೋ ಲಾಭವಾಗುತ್ತದೆ ಎಂಬ ಅನುಮಾನವೋ ಏನೋ!

ಕೆಲಸ ಕಲಿಸಿದ ಗುರು ಸಿಡುಕ ಮುದುಕ. ಅವನದೂ ಇಂಥದೇ ಕತ್ತಲ ಕೋಣೆಯಂತೆ. ಉಕ್ಕನ್ನು ಕಾಯಿಸಿ ಎಣ್ಣೆಗೆ ಅದ್ದುವ ಗಳಿಗೆಯೇ ಚಾಕುವಿನ ಹಣೆಬರಹ. ಕಡಿಮೆ ಕಾದರೆ ಅಲಗು ಬೆಣ್ಣೆ, ಹೆಚ್ಚು ಕಾದರೆ ಬಿಸ್ಕತ್ತು. ಹದ ಯಾವುದು ಎನ್ನುವುದಕ್ಕೆ ಮುದುಕ ಹೇಳಿದ್ದು ಒಂದೇ ಮಾತು: ಮಾಗಿದ ಕಿತ್ತಳೆ ಹಣ್ಣಿನ ಬಣ್ಣ ಬರಬೇಕು. ಕತ್ತಲೆ ಯಾಕೆ ಎಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಮುದುಕ ಜಿಪುಣ, ಕಿಟಕಿ ಇಡಿಸಲಿಲ್ಲ ಎಂದು ಇವರ ತೀರ್ಮಾನ. ತಮ್ಮ ಕೋಣೆಗೂ ಕಿಟಕಿ ಇಡಿಸಲಿಲ್ಲ, ಅದು ಅಭ್ಯಾಸಬಲ. ಆದರೆ ಇವರು ಮಾಡಿದ ಚಾಕುವನ್ನು ಊರಿನ ಹೋಟೆಲಿನವರು, ಚಪ್ಪಲಿ ಹೊಲಿಯುವವರು, ಬುಟ್ಟಿ ಹೆಣೆಯುವವರು ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದರು. ಹಿಡಿಯ ಹತ್ತಿರ ಚಿಕ್ಕ ಅರ್ಧಚಂದ್ರದ ಗುರುತು ಇದ್ದರೆ ಮುಗಿಯಿತು, ಬೇರೆ ಮಾತೇ ಇಲ್ಲ.

ಕೋಣೆಯಲ್ಲಿ ಇವರ ಜೊತೆ ಕೆಲಸ ಮಾಡುತ್ತಿದ್ದವನು ನನ್ನ ತಮ್ಮ. ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಎಂದು ಉಳಿದವನು ಅವನೊಬ್ಬನೇ. ಮದುವೆ ಆಗದ ಗಂಡು, ಬಾಯಿಗೆ ಬೀಗವಿಲ್ಲ, ತಿದಿ ಒತ್ತುತ್ತಾ ಶಿಳ್ಳೆ ಹಾಕುವವನು. ಗುಜರಿ ಅಂಗಡಿಗೆ ಹೋಗಿ ಹಳೇ ಲಾರಿಗಳ ಸ್ಪ್ರಿಂಗ್ ಪಟ್ಟಿಗಳನ್ನು ಆರಿಸಿ ತರುವುದು ಅವನ ಕೆಲಸ. ಪಟ್ಟಿಯನ್ನು ಬೆರಳಲ್ಲಿ ನೇತುಹಾಕಿ, ತಟ್ಟಿ, ಕಿವಿಗಿಟ್ಟು, "ಇದು ಹಾಡುತ್ತೆ ಭಾವ, ಇದು ಕೆಮ್ಮುತ್ತೆ" ಎಂದು ವಿಂಗಡಿಸುತ್ತಿದ್ದ. ಚಾಕಾಗುತ್ತಿದ್ದದ್ದು ಆ ಉಕ್ಕೇ.

ಒಂದು ದಿನ ಹಿತ್ತಾಳೆ ತಂತಿಯ ಸುರುಳಿ ಒಂದು ಕಾಣೆಯಾಯಿತು. ಹಿಡಿಗೆ ಮೊಳೆ ಹೊಡೆಯಲು ಬಳಸುವ ತಂತಿ, ಅಂಗೈಯಲ್ಲಿ ಮುಚ್ಚಿಡುವಷ್ಟು. ನಮ್ಮವರು ಕೋಣೆಯನ್ನು ತಲೆಕೆಳಗು ಮಾಡಿದರು. ತಿದಿ ಎತ್ತಿದರು, ಇದ್ದಿಲು ಸುರಿದರು, ನನ್ನ ಅಡುಗೆಮನೆಯ ಡಬ್ಬಗಳನ್ನೂ ಬಿಡಲಿಲ್ಲ. ತಂತಿ ಸಿಗಲಿಲ್ಲ. ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡು, "ಕೋಣೆ ಒಳಗೆ ಇರೋದು ಇಬ್ರೇ" ಎಂದರು.

"ಇಲಿ ಇಲ್ವಾ?" ಎಂದೆ.

"ಇಲಿ ಹಿತ್ತಾಳೆ ತಿನ್ನಲ್ಲ."

"ನನ್ನ ತಮ್ಮನೂ ತಿನ್ನಲ್ಲ ರೀ."

ಅವರು ಮಾರನೆಯ ದಿನ ಏಣಿ ತಂದು, ಕೋಣೆಯ ಮಾಡಿನ ಒಂದು ಹಂಚು ತೆಗೆದು, ಆ ಜಾಗಕ್ಕೆ ಗಾಜಿನ ಹಂಚು ಇಟ್ಟರು. "ಮೂಲೆ ಮೂಲೆ ಕಾಣ್ಬೇಕು. ಕೈ ಎಲ್ಲೆಲ್ಲಿ ಹೋಗುತ್ತೆ ಗೊತ್ತಾಗ್ಬೇಕು" ಎಂದರು. ನಮ್ಮೂರಿನ ಬಿಸಿಲು, ಕೇಳಬೇಕೆ? ಒಂದೇ ಗಾಜಿನಿಂದ ಸುರಿದು ಕುಲುಮೆಯ ತನಕ ಹರಿಯಿತು. ಅಷ್ಟು ಸಾಲದೆಂದು ಗೋಣಿಯ ಪರದೆಯನ್ನೂ ಮೇಲೆ ಕಟ್ಟಿದರು. ಸಂಜೆ ಹೊರಡುವಾಗ ತಮ್ಮನಿಗೆ, "ಜೇಬು ಒಂದ್ಸಲ ಹೊರಗೆ ತೆಗಿ" ಎಂದರು.

ತಮ್ಮ ನಕ್ಕ. ತಮಾಷೆ ಎಂದುಕೊಂಡ. ಭಾವ ನಗಲಿಲ್ಲ. ಆಗ ಎರಡೂ ಜೇಬುಗಳನ್ನು ಒಳಹೊರಗು ಮಾಡಿ ತೋರಿಸಿದ. ಒಂದು ಬಾಚಣಿಗೆ ಬಿತ್ತು. ಅವತ್ತಿನಿಂದ ದಿನಾ ಸಂಜೆ ಇದೇ ಆಯಿತು. ನಾನು ರಾತ್ರಿಯೆಲ್ಲ ಜಗಳ ಮಾಡಿದರೂ, "ಕಳ್ಳ ಅಲ್ದಿದ್ರೆ ತೋರ್ಸೋಕೇನು ನೋವು?" ಎನ್ನುವರು. ತಮ್ಮನೂ, "ಹೋಗ್ಲಿ ಬಿಡಕ್ಕ, ಜೇಬಿಗೂ ಗಾಳಿ ಆಡುತ್ತೆ" ಎನ್ನುವನು. ಆದರೆ ಶಿಳ್ಳೆ ನಿಂತಿತ್ತು.

ಅದಾದ ಕೆಲವೇ ದಿನಕ್ಕೆ ಚಾಕು ಮುರಿಯಲು ಶುರುವಾಯಿತು. ಮೊದಲು ಬುಟ್ಟಿ ಹೆಣೆಯುವವಳು ತುದಿ ಹಾರಿದ ಚಾಕು ತಂದಳು. ನೀನೇ ಎಲ್ಲೋ ಕುಕ್ಕಿದ್ದೀಯ ಎಂದು ಬೈದು ಕಳಿಸಿದರು. ಆಮೇಲೆ ಹೋಟೆಲಿನ ಅಡುಗೆಯವನು ಬಂದ. ಎಡಗೈಗೆ ಬ್ಯಾಂಡೇಜು, ಬಲಗೈಯಲ್ಲಿ ಎರಡು ತುಂಡಾದ ಚಾಕು. ಕುಂಬಳಕಾಯಿ ಹೆಚ್ಚುವಾಗ ಅಲಗು ಅರ್ಧಕ್ಕೆ ಮುರಿದು ಹೆಬ್ಬೆರಳು ಸೀಳಿತ್ತು. ಅವನು ಕೂಗಾಡಲಿಲ್ಲ. ಅರ್ಧಚಂದ್ರದ ಗುರುತಿದ್ದ ತುಂಡನ್ನು ಅಡಿಗಲ್ಲಿನ ಮೇಲಿಟ್ಟು, "ನಿಮ್ ಕೈ ಕೆಲ್ಸ ಅಂತ ಕಣ್ಮುಚ್ಕೊಂಡು ಹೆಚ್ತಿದ್ದೆ ಸ್ವಾಮಿ" ಎಂದು ಹೇಳಿ ಹೋದ.

ನಮ್ಮವರು ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದರು. ಒಳ್ಳೆಯ ಅಲಗು ಮುರಿದರೆ ಒಳಗೆ ನುಣ್ಣನೆ ಬೂದಿಯ ಹಾಗೆ ಇರಬೇಕಂತೆ. ಇಲ್ಲಿ ಸಕ್ಕರೆಯಂತೆ ದಪ್ಪ ಹರಳುಗಳು ಮಿನುಗುತ್ತಿದ್ದವು. "ಕಚಡಾ ಉಕ್ಕು" ಎಂದರು. ತಿದಿಯ ಹತ್ತಿರ ನಿಂತಿದ್ದ ತಮ್ಮನ ಕಡೆ ತಿರುಗಿ, "ಯಾಕಯ್ಯಾ, ಒಳ್ಳೇ ಪಟ್ಟಿ ಯಾರಿಗೆ ಮಾರ್ಕೊಂಡೆ?" ಎಂದರು.

"ಭಾವ, ನೀವೇ ತಟ್ಟಿ ನೋಡಿ ಭೇಷ್ ಅಂದ್ರಲ್ಲ!"

"ತಟ್ಟಿದ್ದು ಬೇರೆ, ಕುಲುಮೆಗೆ ಬಂದಿದ್ದು ಬೇರೆ. ತಂತಿ ಹೋಯ್ತು, ಈಗ ಉಕ್ಕು. ಇನ್ನೇನು ಬೇಕು, ನನ್ನ ಹೆಸರು ತಾನೇ? ಅದನ್ನೂ ಜೇಬಿಗೆ ಹಾಕ್ಕೊಂಡು ಹೋಗು!"

ನಾನು ಒಳಗಿನಿಂದ ಓಡಿ ಬಂದೆ. ಬರುವಷ್ಟರಲ್ಲಿ ತಮ್ಮ ಬಾಗಿಲಲ್ಲಿದ್ದ. ಯಾರೂ ಕೇಳದೆಯೇ ಎರಡೂ ಜೇಬು ಹೊರಗೆಳೆದ. ಒಳಗೆ ಹಾಕಿಕೊಳ್ಳಲಿಲ್ಲ. ಹಾಗೇ ಜೋತಾಡಿಸಿಕೊಂಡು ಬೀದಿಯುದ್ದ ನಡೆದುಹೋದ. ಬೀದಿಯ ಜನವೆಲ್ಲ ನೋಡಿತು. ನಾನು ಇವರ ಕಡೆ ತಿರುಗಿದೆ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ! ನಿಮ್ ಕೈ ಕೆಟ್ಟಿದ್ರೆ ನನ್ ತಮ್ಮನ ಮೇಲೆ ಯಾಕ್ರೀ ಹಾಕ್ತೀರಿ? ಅವನು ಈ ಮನೆಗೆ ಕಳ್ಳನಾದ್ರೆ ನಾನೂ ಕಳ್ಳನ ಅಕ್ಕನೇ!" ಎಂದು ಅರಚಿದೆ. ಅವರು ಅಡಿಗಲ್ಲಿನ ಮೇಲಿದ್ದ ತುಂಡನ್ನೇ ನೋಡುತ್ತಾ ಕೂತಿದ್ದರು.

ಮುಂದೆ ಪಟ್ಟಿಗಳನ್ನು ತಾವೇ ಹೋಗಿ ಆರಿಸಿ ತಂದರು. ಅವೂ ಮುರಿದವು. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಬುದ್ಧಿ ಬರುತ್ತಿತ್ತು. ಇವರಿಗೆ ಬಂದದ್ದು ಹೊಸ ಅನುಮಾನ. ಏಕೆಂದರೆ ಹೊಟ್ಟೆಪಾಡಿಗೆ ನನ್ನ ತಮ್ಮ ಗುಜರಿ ಅಂಗಡಿಯಲ್ಲೇ ಕೆಲಸಕ್ಕೆ ಸೇರಿದ್ದ. "ನೋಡಿದ್ಯಾ? ಕಳ್ಳರು ಕಳ್ಳರು ಒಂದಾದ್ರು. ನಾನು ತಂದ ಪಟ್ಟೀನ ಮಧ್ಯಾಹ್ನ ನಾನು ಮಲಗಿದಾಗ ಬಂದು ಬದಲಾಯಿಸ್ತಾ ಇದಾನೆ" ಎಂದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ! ಇನ್ನೊಂದು ಗಾಜಿನ ಹಂಚು ಮಾಡಿಗೆ ಏರಿತು. ಕೋಣೆ ಅಂಗಳದ ಹಾಗೆ ಬೆಳ್ಳಗಾಯಿತು. ಕೆಂಡ ಉರಿಯುತ್ತಿದೆಯೋ ಇಲ್ಲವೋ ಕೈಯಿಟ್ಟು ನೋಡಬೇಕು, ಹಾಗಾಯಿತು. ಇವರು ಕಣ್ಣು ಕಿರಿದು ಮಾಡಿ, "ಇನ್ನೂ ಬಣ್ಣ ಬಂದಿಲ್ಲ, ಇನ್ನೂ ಬಣ್ಣ ಬಂದಿಲ್ಲ" ಎನ್ನುತ್ತಾ ತಾವೇ ತಿದಿ ಒತ್ತುವರು. ಒತ್ತುತ್ತಾ ಬಾಗಿಲ ಕಡೆ ನೋಡುವರು.

ನಿಜ ಹೇಳುತ್ತೇನೆ, ಅನುಮಾನ ತುರಿಕೆಯ ಹಾಗೆ, ಪಕ್ಕದಲ್ಲಿ ಮಲಗಿದವರಿಗೂ ಅಂಟುತ್ತದೆ. ನನ್ನ ಗಂಡ ಮಧ್ಯಾಹ್ನ ಊಟವಾದ ಮೇಲೆ ಮಲಗುವುದನ್ನು ಬಿಟ್ಟು, "ಇದ್ದಿಲು ತರ್ತೀನಿ" ಎಂದು ದಿನಾ ಹೊರಡತೊಡಗಿದರು. ಇದ್ದಿಲು ಮಾತ್ರ ಬರುತ್ತಿರಲಿಲ್ಲ. ನಾನೂ ಒಂದು ದಿನ ಹಿಂದೆ ಬಿದ್ದೆ. ಬಹಳ ದೂರ ಹೋಗಬೇಕಾಗಲಿಲ್ಲ. ಅವರು ಬೀದಿಯ ಕೊನೆ ಸುತ್ತಿ, ಹಿಂದಿನ ಓಣಿಯಿಂದ ಬಂದು, ನಮ್ಮೆದುರಿನ ಬೆರಗಿನ ಮನೆಗೇ ಹಿತ್ತಲ ಬಾಗಿಲಲ್ಲಿ ನುಗ್ಗಿದರು.

ಬೆರಗಿನ ಮನೆ ಎಂದರೆ ಒಬ್ಬ ಮುದುಕ ನಡೆಸುವ ಪ್ರದರ್ಶನ. ಬಿಸಿಲೂರು ನೋಡಲು ಬರುವ ಪ್ರವಾಸಿಗಳಿಗಾಗಿ ಇಟ್ಟದ್ದು. ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದು ನೇರಳೆ ಬಣ್ಣಕ್ಕೆ ತಿರುಗಿದ ಗಾಜಿನ ಸೀಸೆಗಳು, ಕಪಾಟಿನಲ್ಲಿ ಕೂತಲ್ಲೇ ಕರಗಿ ಹಾವಾದ ಮೇಣದ ಬತ್ತಿ, ಎರಡು ತಲೆಯ ಹಲ್ಲಿ. "ಒಂದು ತಲೆಗೆ ಹೊಲಿಗೆ ಕಾಣುತ್ತೆ" ಎಂದು ನಮ್ಮವರು ಹಿಂದೆಯೇ ಪತ್ತೆ ಹಚ್ಚಿ ಮುದುಕನ ಜೊತೆ ಮಾತು ಬಿಟ್ಟಿದ್ದರು, ಈಗ ಗರಜು ಬಿದ್ದು ಮತ್ತೆ ಆಡತೊಡಗಿದ್ದರೇನೋ. ಆದರೆ ನಿಜವಾದ ಬೆರಗು ಇದ್ದದ್ದು ಮುಂದಿನ ಕತ್ತಲ ಕೋಣೆಯಲ್ಲಿ. ಬೀದಿ ಕಡೆಯ ಮುಚ್ಚಿದ ಬಾಗಿಲಿಗೆ ಕಡಲೆಕಾಳು ಗಾತ್ರದ ಒಂದು ತೂತು. ಮಧ್ಯಾಹ್ನ ನಮ್ಮ ಸಾಲಿನ ಮೇಲೆ ಬಿಸಿಲು ಹೊಡೆದಾಗ ಆ ತೂತಿನಿಂದ ಬೀದಿಯೆಲ್ಲ ಒಳಗೆ ಬಂದು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತಿತ್ತು. ಬಣ್ಣ ಬಣ್ಣವಾಗಿ, ನಡೆದಾಡುತ್ತಾ! ಸೈಕಲ್ಲಿನವನು ಸೂರಿನಲ್ಲಿ ಸೈಕಲ್ ಹೊಡೆಯುವನು.

ನಾನು ಆ ಕೋಣೆಯ ಒಳಬಾಗಿಲು ತಳ್ಳಿದೆ. ಗೋಡೆಯ ಮೇಲಿನ ಬೀದಿ ತಟ್ಟನೆ ಅಳಿಸಿಹೋಯಿತು.

"ಮುಚ್ಚೇ ಬಾಗ್ಲು!" ಎಂದು ನನ್ನ ಗಂಡನ ದನಿ.

ಮುಚ್ಚಿದೆ. ಬೀದಿ ಮರಳಿ ಬಂತು. ಕತ್ತಲಲ್ಲಿ ಒಂದು ಸಿಗರೇಟಿನ ಕಿಡಿ ದೊಡ್ಡ ಹಣ್ಣಿನ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಅದರ ಹಿಂದೆ ಇವರು ಸ್ಟೂಲಿನ ಮೇಲೆ ಕತ್ತು ಓರೆ ಮಾಡಿಕೊಂಡು ಕೂತು, ಗೋಡೆಯ ಮೇಲೆ ತಲೆಕೆಳಗಾಗಿ ಬಿದ್ದಿದ್ದ ನಮ್ಮದೇ ಬಾಗಿಲನ್ನು ಕಾಯುತ್ತಿದ್ದರು. ಯಾರಿಗೂ ಕಾಣದ ಹಾಗೆ ಎಲ್ಲರನ್ನೂ ನೋಡುವುದು. ಜನ್ಮವೆಲ್ಲ ಇದನ್ನೇ ಹುಡುಕುತ್ತಿದ್ದರು ಅನ್ನಿಸಿ, ಸಿಟ್ಟಿನ ಜೊತೆ ನಗುವೂ ಬಂತು.

"ಆ ಕಿಡಿ ಆರಿಸ್ರೀ, ದಿನಾ ಹೇಳ್ಬೇಕಾ? ಕತ್ತಲೇಲಿ ಕಣ್ಣಿಗೆ ಹೊಡೆಯುತ್ತೆ" ಎಂದು ಮೂಲೆಯಿಂದ ಮುದುಕ ಗೊಣಗಿದ.

"ಶ್! ಬಂದ!" ಎಂದರು ನಮ್ಮವರು.

ಗೋಡೆಯ ಮೇಲೆ ತಮ್ಮ ಬಂದ. ಕಾಲು ಮೇಲೆ, ತಲೆ ಕೆಳಗೆ. ಆದರೂ ನನ್ನ ತಮ್ಮನ ನಡಿಗೆ ನನಗೆ ತಿಳಿಯದೆ? ಕಂಕುಳಲ್ಲಿ ಗೋಣಿಯ ಕಟ್ಟು. ಅತ್ತಿತ್ತ ನೋಡಿದ. ಕೋಣೆಯ ಬಾಗಿಲಿಗೆ ಒರಗಿಸಿಟ್ಟ. ಒಂದು ಗಳಿಗೆ ನಿಂತ. ಹೊರಟ. ಅಯ್ಯೋ, ಇವರು ಹೇಳಿದ್ದೇ ನಿಜವೇ?

"ನೋಡಿದ್ಯಾ? ಕಣ್ಣಾರೆ ನೋಡಿದ್ಯಾ?" ಎನ್ನುತ್ತಾ ಇವರು ಬಾಗಿಲು ತೆಗೆದು ಬೀದಿಗೆ ಹಾರಿದರು. ಬಿಸಿಲು ಮುಖಕ್ಕೆ ಹೊಡೆಯಿತು. ಕೈಯಲ್ಲಿದ್ದ ಸಿಗರೇಟು ನೋಡಿದರು. ಬೂದು ಬಣ್ಣ, ಕಿಡಿಯಿಲ್ಲ. ಆರಿದೆ ಎಂದು ಕಿವಿಗೆ ಸಿಕ್ಕಿಸಿಕೊಂಡು ಓಡಿದರು. ತಮ್ಮ ಆಗಲೇ ತಿರುವಿನಲ್ಲಿ ಮರೆಯಾಗಿದ್ದ. ಕಟ್ಟು ಬಿಚ್ಚಿದರೆ ಸ್ಪ್ರಿಂಗ್ ಪಟ್ಟಿಗಳು. "ಇದೇ, ಇದೇ ಕಚಡಾ..." ಎನ್ನುತ್ತಿದ್ದಂತೆ ಕೂದಲು ಸುಟ್ಟ ವಾಸನೆ ಬಂತು.

"ರೀ, ನಿಮ್ ತಲೆ!"

ಕಿವಿ ಸುಟ್ಟುಕೊಂಡು ಕುಣಿದರು. ಸಿಗರೇಟು ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡು ನೋಡಿದರು. ಬಿಸಿಲಲ್ಲಿ ಬೂದು. ಕಿಡಿ ಎಲ್ಲೂ ಇಲ್ಲ. ಅಂಗಿಯೊಳಗೆ, ಎದೆಯ ನೆರಳಿಗೆ ಹಿಡಿದು ಇಣುಕಿದರು. ಕೆಂಪು. ಹೊರಗೆ ತೆಗೆದರು. ಬೂದು. ಒಳಗೆ. ಕೆಂಪು. ಬೀದಿಯಲ್ಲಿ ನಿಂತು ಹುಚ್ಚರ ಹಾಗೆ ಇದನ್ನೇ ಮಾಡಿದರು. ಎದುರು ಬಾಗಿಲಲ್ಲಿ ನಿಂತ ಮುದುಕ, ತನ್ನ ಮನೆಯೊಳಗಿರುವುದಕ್ಕಿಂತ ದೊಡ್ಡ ಬೆರಗು ಇದು ಎಂಬಂತೆ ನೋಡುತ್ತಿದ್ದ. ನಮ್ಮವರು ನಿಧಾನವಾಗಿ ತಲೆಯೆತ್ತಿ ಕೋಣೆಯ ಮಾಡಿನ ಮೇಲೆ ಥಳಥಳಿಸುತ್ತಿದ್ದ ಎರಡು ಗಾಜಿನ ಹಂಚುಗಳನ್ನು ನೋಡಿದರು. ಸಿಗರೇಟು ಬೆರಳು ಸುಡುವ ತನಕ ಅಲ್ಲಾಡಲಿಲ್ಲ.

ಆಮೇಲೆ ಏಣಿ ಹತ್ತಿದರು. ಗಾಜು ಕಿತ್ತು ಹಳೇ ಹಂಚು ಇಟ್ಟರು, ಪರದೆ ಇಳಿಸಿದರು. ತಮ್ಮ ತಂದಿಟ್ಟ ಪಟ್ಟಿಯಿಂದಲೇ ಒಂದು ತುಂಡು ಕತ್ತರಿಸಿ ಕುಲುಮೆಗಿಟ್ಟರು. ತಿದಿ ನಾನು ಒತ್ತಿದೆ. ಸ್ವಲ್ಪ ಹೊತ್ತಿಗೇ ಆ ಕತ್ತಲಲ್ಲಿ ಉಕ್ಕು ಮಾಗಿದ ಕಿತ್ತಳೆಯಾಗಿ ಅರಳಿತು. "ಸಾಕು ಸಾಕು!" ಎಂದು ಕೂಗಿ ಎಣ್ಣೆಗೆ ಅದ್ದಿದರು. ತಣಿದ ತುಂಡನ್ನು ಇಕ್ಕಳದಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆದು ಮುರಿದು, ಬಾಗಿಲಿಗೆ ತಂದು ನೋಡಿದರು. ಒಳಗೆ ನುಣ್ಣನೆ ಬೂದಿ.

"ಬೆಳಕಲ್ಲಿ ಬಣ್ಣ ಮಂಕಾಗಿ ಕಂಡಿದೆ. ಕಾದಿಲ್ಲ ಕಾದಿಲ್ಲ ಅಂತ ನಾನೇ ಎಲ್ಲಾನೂ ಸುಟ್ಟಿದ್ದೀನಿ" ಎಂದರು. "ಉಕ್ಕಿಗೆ ಏನೂ ಆಗಿರ್ಲಿಲ್ಲ ಕಣೇ."

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಿ" ಎಂದೆ. ಇನ್ನೂ ಬಹಳ ಅನ್ನಬೇಕೆಂದಿದ್ದೆ. ಅವರ ಸುಟ್ಟ ಕಿವಿ ನೋಡಿ ಬೆಣ್ಣೆ ತರಲು ಒಳಗೆ ಹೋದೆ.

ಕ್ಷಮಿಸು ಎಂಬ ಮಾತು ಆ ಬಾಯಿಂದ ಬಂದದ್ದನ್ನು ನಾನು ಕಂಡಿಲ್ಲ. ಅವತ್ತೂ ಬರಲಿಲ್ಲ. ಗುಜರಿ ಅಂಗಡಿಗೆ ಹೋಗಿ, ಎಲ್ಲರೆದುರು ತಮ್ಮನ ಮುಂದೆ ನಿಂತು, "ನೀನು ತಂದ ಪಟ್ಟಿ ಹಾಡುತ್ತೆ" ಎಂದರು. ತಮ್ಮ ತುಕ್ಕಿನ ಕೈ ಒರೆಸಿಕೊಂಡ. "ನೀವು ಆರಿಸಿದ್ದೂ ಚೆನ್ನಾಗೇ ಇತ್ತು ಭಾವ. ಆದ್ರೂ ಮುರೀತಿದೆ ಅಂತ ಕೇಳ್ದೆ. ಮನಸ್ಸು ತಡೀಲಿಲ್ಲ, ಇದ್ದಿದ್ರಲ್ಲಿ ಒಳ್ಳೇದು ತೆಗೆದಿಟ್ಟೆ" ಎಂದ. ಇವರು ನೆಲ ನೋಡಿದರು. "ತಿದಿ ಒತ್ತೋಕೆ ನಿಮ್ಮಕ್ಕನಿಗೆ ಬರಲ್ಲ. ಬಾ" ಎಂದರು. ನನಗೆ ಬರುವುದಿಲ್ಲವಂತೆ! ಇರಲಿ, ಅವತ್ತಿನ ಮಟ್ಟಿಗೆ ಆ ಅವಮಾನ ನುಂಗಿದೆ.

ತಮ್ಮ ಮಾರನೆಯ ದಿನವೇ ಬಂದ. ಹೋಟೆಲಿನವನಿಗಾಗಿ ಹೊಸ ಚಾಕು ಮಾಡಿದರು, ಅದನ್ನು ನನ್ನ ತಮ್ಮನ ಕೈಯಲ್ಲೇ ಕೊಟ್ಟು ಕಳಿಸಿದರು. ಮಧ್ಯಾಹ್ನ ಮೂವರೂ ಒಟ್ಟಿಗೆ ಉಂಡೆವು. ಒಂದೆರಡು ಸಲ ಶಿಳ್ಳೆಯೂ ಕೇಳಿತು. ನನ್ನ ಜೀವ ತಣ್ಣಗಾಯಿತು. ಹಿತ್ತಾಳೆ ತಂತಿಯ ಮಾತನ್ನು ಯಾರೂ ಎತ್ತಲಿಲ್ಲ. ಅದು ಇವತ್ತಿಗೂ ಸಿಕ್ಕಿಲ್ಲ.

ಸಂಜೆ ತಮ್ಮ ಮುಖ ತೊಳೆದು ಹೊರಟ. ಬಾಗಿಲಿಗೆ ಬಂದವನು ನಿಂತ. ಯಾರೂ ಏನೂ ಕೇಳಿರಲಿಲ್ಲ. ಬಾಯಲ್ಲಿ ಏನೋ ತಮಾಷೆ ಹೇಳುತ್ತಲೇ ಇದ್ದ, ಕೈಗಳು ತಾವಾಗಿಯೇ ಕೆಳಗೆ ಹೋಗಿ ಎರಡೂ ಜೇಬುಗಳನ್ನು ಹೊರಗೆಳೆದವು.

"ಬೇಡ ಕಣೋ!" ಎಂದು ನಮ್ಮವರು ಅರಚಿದರು. ಇಕ್ಕಳ ಎಸೆದು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ನಿಂತರು. ಸುಟ್ಟ ಕಿವಿಯವರೆಗೂ ಮುಖ ಕೆಂಪಾಗಿತ್ತು. ನೋಡಬಾರದೆಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು.

ತಮ್ಮ ಪೆಚ್ಚಾಗಿ, "ಅಭ್ಯಾಸ ಭಾವ" ಎಂದು ಜೇಬು ಒಳಗೆ ತುರುಕಿಕೊಂಡು ನನ್ನ ಕಡೆ ನೋಡಿದ. ನಾನು ಬೇಗ ಕಣ್ಣು ಬೇರೆ ಕಡೆ ತಿರುಗಿಸಿದೆ. ಜೇಬಿನಲ್ಲಿ ಏನೂ ಇರಲಿಲ್ಲ. ಅದು ನನಗೆ ಗೊತ್ತು, ಏಕೆಂದರೆ ನಾನು ನೋಡಿದೆ.